ಥಿಸಲ್ ಗಿಡದ ‘ಎರಡು ವರ್ಷ’ದ ಲೆಕ್ಕ: ಅಧ್ಯಯನ ಟಿಪ್ಪಣಿ

ಥಿಸಲ್ ಎಂಬುದು ಒಂದೇ ಗಿಡದ ಹೆಸರಲ್ಲ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ಎಲೆಯಂಚಿನಲ್ಲಿ ಮುಳ್ಳಿರುವ ಹಲವು ಗಿಡಗಳಿಗೆ ಈ ಹೆಸರಿದೆ. ಕುಸುಬೆಯೂ ಇದೇ ಬಳಗದ್ದಾದ್ದರಿಂದ ಅದರ ಹೂವನ್ನು ನೋಡಿದವರಿಗೆ ಥಿಸಲ್ ಹೂವಿನ ರಚನೆ ಹೊಸದೆನಿಸದು. ಕೈತೋಟಕ್ಕೆ ಆರಿಸಿಕೊಳ್ಳಬಹುದಾದವು ಎಲೆಯ ಮೇಲೆ ಹಾಲು ಚೆಲ್ಲಿದಂತಹ ಬಿಳಿ ಗೀರುಗಳಿರುವ ಮಿಲ್ಕ್ ಥಿಸಲ್, ಆಳೆತ್ತರವನ್ನೂ ಮೀರುವ ಸ್ಕಾಚ್ ಥಿಸಲ್ ಮತ್ತು ನೀಲಿ ಚೆಂಡಿನಂತಹ ಹೂವಿನ ಗ್ಲೋಬ್ ಥಿಸಲ್. ಸಿರ್ಸಿಯಮ್ ಅರ್ವೆನ್ಸೆ ಎಂಬ ಇನ್ನೊಂದು ಬಗೆಯ ಥಿಸಲನ್ನು ಮಾತ್ರ ತರಬಾರದು. ಅದರ ಬೇರು ನೆಲದೊಳಗೆ ಅಡ್ಡಡ್ಡವಾಗಿ ಹರಿಯುತ್ತದೆ, ಅಗೆಯುವಾಗ ತುಂಡಾದ ಚೂರಿನಿಂದಲೂ ಹೊಸ ಗಿಡ ಏಳುತ್ತದೆ. ಮಿಲ್ಕ್ ಥಿಸಲ್ ಮತ್ತು ಸ್ಕಾಚ್ ಥಿಸಲ್‌ಗಳನ್ನೂ ಕೆಲವು ಪ್ರದೇಶಗಳಲ್ಲಿ ಕಳೆಯೆಂದು ನಿರ್ಬಂಧಿಸಿರುವುದರಿಂದ ಬಿತ್ತುವ ಮೊದಲು ಅಲ್ಲಿನ ನಿಯಮ ತಿಳಿದುಕೊಳ್ಳಬೇಕು.

ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಜಾಗ ಸಾಕು. ಗೊಬ್ಬರ ಹೆಚ್ಚಾದರೆ ಗಿಡ ಎಳಸಾಗಿ ಬೆಳೆದು ವಾಲುತ್ತದೆ.

ನಾನು ಎಡವಿದ್ದು ‘ದ್ವೈವಾರ್ಷಿಕ’ ಎಂಬ ಪದದಲ್ಲಿ. ಸ್ಕಾಚ್ ಥಿಸಲ್ ದ್ವೈವಾರ್ಷಿಕ ಎಂದು ಓದಿ, ಬಿತ್ತಿದ ದಿನದಿಂದ ಇಪ್ಪತ್ತನಾಲ್ಕು ತಿಂಗಳು ಎಂದು ಎಣಿಸಿಕೊಂಡೆ. ಈ ಪದ ತಿಂಗಳುಗಳನ್ನು ಹೇಳುವುದಿಲ್ಲ, ಎರಡು ಬೆಳವಣಿಗೆಯ ಋತುಗಳನ್ನು ಮತ್ತು ನಡುವಿನ ಚಳಿಗಾಲವನ್ನು ಹೇಳುತ್ತದೆ. ಮೊದಲ ಋತುವಿನಲ್ಲಿ ಗಿಡ ಕಾಂಡವನ್ನೇ ಎತ್ತದೆ, ಎಲೆಗಳನ್ನು ನೆಲಕ್ಕೆ ಒತ್ತಿ ಸುತ್ತಲೂ ಚಕ್ರದಂತೆ ಹರಡಿಕೊಂಡು, ಆಹಾರವನ್ನು ತಾಯಿಬೇರಿಗೆ ಇಳಿಸುತ್ತದೆ. ಚಳಿಯನ್ನು ಕಳೆದ ಮೇಲೆ ಅದೇ ಚಕ್ರದ ನಡುವಿನಿಂದ ಕಾಂಡ ಎದ್ದು ಹೂಬಿಟ್ಟು, ಬೀಜವಾದ ಬಳಿಕ ಗಿಡ ಸಾಯುತ್ತದೆ. ಹೀಗಾಗಿ ಚಳಿಗೆ ಮೊದಲೇ ಬಿತ್ತಿ, ಎಲೆಚಕ್ರ ಸಾಕಷ್ಟು ಅಗಲವಾಗಿದ್ದರೆ ವರ್ಷ ತುಂಬುವ ಮೊದಲೇ ಹೂ ಬರಬಹುದು. ಚಳಿ ಬರುವಾಗ ಚಕ್ರ ತೀರಾ ಚಿಕ್ಕದಾಗಿದ್ದರೆ ಇನ್ನೊಂದು ವರ್ಷವೂ ಕಾಯಬೇಕಾದೀತು. ಎಣಿಸಬೇಕಾದದ್ದು ದಾಟಿದ ಚಳಿಗಾಲವನ್ನು, ನೋಡಬೇಕಾದದ್ದು ಎಲೆಚಕ್ರದ ಅಗಲವನ್ನು. ಇದು ತಿಳಿಯದೆ, ನೆಲಕ್ಕಂಟಿದ ಗಿಡ ಕುಂಠಿತವಾಗಿದೆ ಎಂದುಕೊಂಡು ನಾನು ಒಂದನ್ನು ಕಿತ್ತು ಬೇರೆಡೆ ನೆಟ್ಟೆ. ಮೂಲಂಗಿಯಂತೆ ನೇರವಾಗಿ ಇಳಿದಿದ್ದ ತಾಯಿಬೇರು ಅರ್ಧಕ್ಕೇ ತುಂಡಾಯಿತು, ಮೂರು ದಿನದಲ್ಲಿ ಎಲೆಗಳು ಬಾಡಿ ಬಿದ್ದವು. ಆದ್ದರಿಂದ ಬೀಜವನ್ನು ಇರಬೇಕಾದ ಜಾಗದಲ್ಲೇ, ಸುಮಾರು 1 ಸೆಂ.ಮೀ. ಆಳಕ್ಕೆ ಬಿತ್ತುವುದು ಕ್ಷೇಮ. ಗ್ಲೋಬ್ ಥಿಸಲ್‌ಗೆ ಈ ಲೆಕ್ಕವಿಲ್ಲ. ಅದು ಬಹುವಾರ್ಷಿಕ, ಒಮ್ಮೆ ಬೇರೂರಿದರೆ ವರ್ಷವರ್ಷವೂ ಚಿಗುರುತ್ತದೆ.

ಹೂವನ್ನು ಯಾವಾಗ ಕತ್ತರಿಸಬೇಕು ಎಂಬುದಕ್ಕೆ ನಾನು ಕಂಡುಕೊಂಡ ಸುಲಭ ಗುರುತೊಂದಿದೆ. ಥಿಸಲ್‌ನ ಒಂದು ‘ಹೂವು’ ನಿಜವಾಗಿ ನೂರಾರು ಪುಟ್ಟ ಹೂಗಳ ಗೊಂಚಲು, ಅವು ಅಂಚಿನಿಂದ ನಡುವಿನತ್ತ ಅರಳುತ್ತವೆ. ಅಂಚಿನ ಎಳೆಗಳು ಕಂದಿ, ನಡುವಿನವು ಇನ್ನೂ ನೇರಳೆಯಾಗಿರುವಾಗಲೇ ಕತ್ತರಿಸಿದರೆ ಜೇನುನೊಣಗಳಿಗೂ ಪಾಲು ಸಿಕ್ಕಿರುತ್ತದೆ, ಬೀಜವೂ ಹಾರುವುದಿಲ್ಲ. ಬಿಳಿ ನವಿರು ಕಾಣಿಸಿಕೊಂಡಿದ್ದರೆ ಆಗಲೇ ತಡವಾಗಿದೆ ಎಂದರ್ಥ. ಗ್ಲೋಬ್ ಥಿಸಲ್‌ನಲ್ಲಿ ಚೆಂಡು ತುದಿಯಿಂದ ಬುಡದತ್ತ ಅರಳುವುದರಿಂದ ಅದರ ನೆತ್ತಿಯನ್ನು ನೋಡಬೇಕು. ಕತ್ತರಿಸಿದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕಬಾರದು, ಏಕೆಂದರೆ ಅರಳಿದ ಹೂವಿನೊಳಗಿನ ಬೀಜ ಗಿಡದಿಂದ ಬೇರೆಯಾದ ಮೇಲೂ ಬಲಿಯಬಲ್ಲದು. ನಾನು ಅವನ್ನು ಚೀಲದಲ್ಲಿ ಬಿಗಿದು ಕಸಕ್ಕೆ ಹಾಕುತ್ತೇನೆ, ಅದೂ ದಪ್ಪ ಚರ್ಮದ ಕೈಗವಸು ತೊಟ್ಟುಕೊಂಡು, ಏಕೆಂದರೆ ಬಟ್ಟೆಯ ಕೈಗವಸನ್ನು ಈ ಮುಳ್ಳು ಲೆಕ್ಕಕ್ಕೇ ಇಡುವುದಿಲ್ಲ.