ಕ್ಯಾಂಪರ್ ವ್ಯಾನ್: ಡೀಸೆಲ್ ಅಗ್ಗವೋ, ಕರೆಂಟ್ ಅಗ್ಗವೋ?

ಕಾಸ್ಟ್ ಅಕೌಂಟಿಂಗ್‌ನಲ್ಲಿ 'ಒಡೆತನದ ಒಟ್ಟು ವೆಚ್ಚ' ಅನ್ನುವ ಪಾಠಕ್ಕೆ ಸಾಮಾನ್ಯವಾಗಿ ಕಾರನ್ನೋ ಫ್ಯಾಕ್ಟರಿ ಮಷೀನನ್ನೋ ಉದಾಹರಣೆ ಕೊಡುತ್ತಾರೆ. ನಮ್ಮ ಗುಂಪಿಗೆ ನಾನು ಕ್ಯಾಂಪರ್ ವ್ಯಾನ್ ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣ ಇದೆ. ದಿನಾ ವೈಟ್‌ಫೀಲ್ಡ್‌ಗೆ ಹೋಗಿ ಬರುವ ಕಾರಿನ ಲೆಕ್ಕದಲ್ಲಿ ಎಲೆಕ್ಟ್ರಿಕ್ ಗಾಡಿ ಸಲೀಸಾಗಿ ಗೆಲ್ಲಬಹುದು. ಅದೇ ಲೆಕ್ಕವನ್ನು ಮಲಗುವ ಹಾಸಿಗೆ, ಅಡುಗೆ ಕಟ್ಟೆ ಇರುವ ವ್ಯಾನಿಗೆ ಹಾಕಿ ನೋಡಿ, ಉತ್ತರ ಉಲ್ಟಾ ಬರುತ್ತದೆ. ಯಾಕೆ ಅನ್ನುವುದನ್ನು ಹಿಡಿದರೆ ಪಾಠ ಬಂದಂತೆ.

ಮೊದಲು ಒಂದು ಮಾತು. ಕೆಳಗೆ ಬರುವ ಗಾಡಿಯ ಬೆಲೆ, ಮೈಲೇಜು, ಸರ್ವಿಸ್ ಖರ್ಚು ಎಲ್ಲ ನಾನು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ನಿಮ್ಮ ಕೈಗೆ ಕೊಟೇಶನ್ ಬಂದಾಗ ಅವನ್ನು ತೆಗೆದು ನಿಮ್ಮದನ್ನು ಹಾಕಿ. ಸರ್ಕಾರದ ದರ, ತೆರಿಗೆ ಅಂತ ಹೇಳಿದ ಕಡೆ ಮಾತ್ರ ಅದು ನಿಜವಾದ ದರ.

ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು?

ಎರಡು ಆಯ್ಕೆಗಳನ್ನು ಹೋಲಿಸುವಾಗ ಎರಡರಲ್ಲೂ ಒಂದೇ ಆಗಿರುವ ಖರ್ಚನ್ನು ಬದಿಗಿಡಬೇಕು. ಹಾಸಿಗೆ, ಕಬೋರ್ಡ್, ಸಿಂಕ್, ನೀರಿನ ಟ್ಯಾಂಕ್, ಸೊಳ್ಳೆ ಪರದೆ, ಇವು ಎರಡೂ ಗಾಡಿಗೆ ಅಷ್ಟೇ ಆಗುತ್ತವೆ. ಅನುಮತಿ ಪಡೆಯುವ ಖರ್ಚೂ ಹಾಗೆಯೇ. ನಮ್ಮಲ್ಲಿ ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಅನ್ನುವ ಮಾನದಂಡ ಇದೆ. ಕಂಪನಿ ಕೊಟ್ಟ ಮೂಲ ವಿನ್ಯಾಸವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಾಗಾಗಿ ಯಾವುದೋ ಗ್ಯಾರೇಜಿನಲ್ಲಿ ಸೀಟು ಕಿತ್ತು ಮಂಚ ಹಾಕಿಸಿದರೆ ಆಯಿತು ಅಂದುಕೊಳ್ಳಬೇಡಿ. ಇನ್ಶೂರೆನ್ಸ್ ಕ್ಲೇಮ್ ಹಾಕಿದ ದಿನ ಅದರ ನಿಜವಾದ ಬೆಲೆ ಗೊತ್ತಾಗುತ್ತದೆ.

ಒಳಗಿನ ಕೆಲಸದಲ್ಲಿ ಕರೆಂಟಿನ ವ್ಯವಸ್ಥೆ ಮಾತ್ರ ಬೇರೆ ಬೇರೆ. ಅದಕ್ಕೆ ಆಮೇಲೆ ಬರೋಣ.

ಬೆಲೆಯ ಅಂತರ

ನಮ್ಮಲ್ಲಿ ಓಡುವ ಕ್ಯಾಂಪರ್‌ಗಳಲ್ಲಿ ಬಹಳಷ್ಟು ಫೋರ್ಸ್ ಟ್ರಾವೆಲರ್‌ನಂಥ ಡೀಸೆಲ್ ಗಾಡಿಯ ಮೇಲೆ ಕಟ್ಟಿದವು. ಎಲೆಕ್ಟ್ರಿಕ್ ಕ್ಯಾಂಪರ್ ಅಂದರೆ ಯುರೋಪಿನ ಕಡೆ ನೋಡಬೇಕು. ಅಲ್ಲಿ ಫೋಕ್ಸ್‌ವ್ಯಾಗನ್ ಐಡಿ ಬಜ್, ಫೋರ್ಡ್ ಇ-ಟ್ರಾನ್ಸಿಟ್‌ನಂಥ ವ್ಯಾನುಗಳು ಕ್ಯಾಂಪರ್ ಆಗುತ್ತಿವೆ. ಬೆಂಗಳೂರಿನಲ್ಲಿ ಅಂಥದ್ದೊಂದು ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಡೀಸೆಲ್ ವ್ಯಾನ್ ಎಲ್ಲ ಸೇರಿ 28 ಲಕ್ಷ, ಎಲೆಕ್ಟ್ರಿಕ್ 38 ಲಕ್ಷ. ಅಂತರ 10 ಲಕ್ಷ.

'ಎಲ್ಲ ಸೇರಿ' ಅನ್ನುವುದರಲ್ಲಿ ತೆರಿಗೆಯೂ ಸೇರಿದೆ. ಇವಿಗೆ, ಅಂದರೆ ಎಲೆಕ್ಟ್ರಿಕ್ ಗಾಡಿಗೆ, ಜಿಎಸ್‌ಟಿ ಶೇ 5 ಮಾತ್ರ. ರಸ್ತೆ ತೆರಿಗೆ ಮಾತ್ರ ಹುಷಾರಾಗಿ ನೋಡಬೇಕು. ಕರ್ನಾಟಕದಲ್ಲಿ ಇವಿಗೆ ರಸ್ತೆ ತೆರಿಗೆಯೇ ಇಲ್ಲ ಅನ್ನುವ ಮಾತು ಇನ್ನೂ ಜನರ ಬಾಯಲ್ಲಿದೆ. ಆದರೆ 2024ರಲ್ಲೇ 25 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಎಲೆಕ್ಟ್ರಿಕ್ ಕಾರು, ಜೀಪು, ಓಮ್ನಿ ಬಸ್ಸುಗಳಿಗೆ ಶೇ 10 ಆಜೀವ ತೆರಿಗೆ ಬಂತು. ಕ್ಯಾಂಪರ್ ಆಗುವಷ್ಟು ದೊಡ್ಡ ವ್ಯಾನ್ 25 ಲಕ್ಷದೊಳಗೆ ಸಿಗುವುದು ಕಷ್ಟ. ಕ್ಯಾರವಾನ್ ಅಂತ ನೋಂದಣಿ ಮಾಡಿಸಿದರೆ ವಾಹನದ ವರ್ಗವೇ ಬೇರೆ ಆಗುತ್ತದೆ. ಆ ವರ್ಗದ ತೆರಿಗೆ ಎಷ್ಟು ಅಂತ ದುಡ್ಡು ಕಟ್ಟುವ ಮೊದಲೇ ಆರ್‌ಟಿಒದಲ್ಲಿ ಕೇಳಿಕೊಳ್ಳಿ.

ಒಂದು ಕಿಲೋಮೀಟರಿಗೆ ಎಷ್ಟು?

ಡೀಸೆಲ್ ಲೆಕ್ಕ ಸುಲಭ. ಲೀಟರಿಗೆ 90 ರೂಪಾಯಿ, ಮೈಲೇಜು 11 ಅಂದುಕೊಳ್ಳಿ. ಕಿಲೋಮೀಟರಿಗೆ 8.20 ರೂಪಾಯಿ.

ಕರೆಂಟಿನ ಲೆಕ್ಕದಲ್ಲಿ ಸ್ವಲ್ಪ ನಿಧಾನಿಸಬೇಕು. ಇ-ಟ್ರಾನ್ಸಿಟ್‌ನ ಮೊದಲ ಮಾದರಿಯ ಬ್ಯಾಟರಿಯಲ್ಲಿ ಬಳಸಲು ಸಿಗುವುದು 68 ಯೂನಿಟ್, ಕಂಪನಿ ಹೇಳುವ ಗರಿಷ್ಠ ದೂರ 317 ಕಿ.ಮೀ. ಅಂದರೆ 100 ಕಿ.ಮೀ.ಗೆ 21ರಿಂದ 22 ಯೂನಿಟ್. ಅದು ಟೆಸ್ಟಿನ ಅಂಕಿ. ಎತ್ತರದ ಡಬ್ಬದಂಥ ಗಾಡಿ, ಒಳಗೆ ನೀರು, ಸಾಮಾನು, ಜೊತೆಗೆ ಎಸಿ. ಹೈವೇಯಲ್ಲಿ 28 ಅಂತ ಹಿಡಿಯುವುದು ಕ್ಷೇಮ. ನಮ್ಮ ವ್ಯಾನಿನಲ್ಲಿ ಬಳಸಲು ಸಿಗುವುದು 65 ಯೂನಿಟ್ ಅಂದರೆ, ಒಂದು ಫುಲ್ ಚಾರ್ಜಿಗೆ 230 ಕಿ.ಮೀ. ಓಡುತ್ತದೆ.

ಮನೆಯಲ್ಲಿ ಚಾರ್ಜ್ ಮಾಡಿದಾಗ ನಷ್ಟ ಆಗುವ ಕರೆಂಟೂ ನಮ್ಮ ಮೀಟರಿನಲ್ಲೇ ಓಡುತ್ತದೆ. ಆದ್ದರಿಂದ 28 ಅಲ್ಲ, 32 ಯೂನಿಟ್ ಅಂತ ಬರೆದುಕೊಳ್ಳಿ. 2025-26ಕ್ಕೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ (ಕೆಇಆರ್‌ಸಿ) ಮನೆ ಬಳಕೆಗೆ ನಿಗದಿ ಮಾಡಿದ ದರ ಯೂನಿಟ್‌ಗೆ 5.80 ರೂಪಾಯಿ. ಅದಕ್ಕೆ 36 ಪೈಸೆ ಸರ್ಚಾರ್ಜ್, ಮೇಲೆ ಶೇ 9 ತೆರಿಗೆ ಸೇರಿಸಿದರೆ 6.70. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ 7 ಅಂತ ಹಿಡಿದಿದ್ದೇನೆ. ಕಿಲೋಮೀಟರಿಗೆ 2.24 ರೂಪಾಯಿ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಗನ್ನಿಂದ ಇಳಿದಷ್ಟಕ್ಕೆ ಬಿಲ್. ಅಲ್ಲಿ 100 ಕಿ.ಮೀ.ಗೆ 30 ಯೂನಿಟ್ ಸಾಕು, ಆದರೆ ಜಿಎಸ್‌ಟಿ ಸೇರಿ ಯೂನಿಟ್‌ಗೆ 22 ಅಂತ ಇಟ್ಟುಕೊಂಡರೆ ಕಿಲೋಮೀಟರಿಗೆ 6.60 ಆಗುತ್ತದೆ. ಡೀಸೆಲ್ಲಿಗೆ ಹತ್ತಿರ ಬಂತು, ಅಲ್ವಾ?

ಇಲ್ಲೇ ಕಾರಿಗೂ ಕ್ಯಾಂಪರಿಗೂ ವ್ಯತ್ಯಾಸ. ಆಫೀಸಿಗೆ ಹೋಗುವ ಕಾರು ರಾತ್ರಿ ಮನೆಗೆ ಬರುತ್ತದೆ, ಅಗ್ಗದ ಕರೆಂಟ್ ಕುಡಿಯುತ್ತದೆ. ಕ್ಯಾಂಪರ್ ಇರುವುದೇ ಮನೆಯಿಂದ ದೂರ ಹೋಗುವುದಕ್ಕೆ. ಸಕಲೇಶಪುರಕ್ಕೆ ಹೋಗಿ ಬಂದರೆ ಸುಮಾರು 440 ಕಿ.ಮೀ., ಅದರಲ್ಲಿ ಅರ್ಧ ಮಾತ್ರ ಮನೆಯ ಚಾರ್ಜ್. ಗೋಕರ್ಣಕ್ಕೆ ಹೋಗಿ ಬಂದರೆ 950ರ ಮೇಲೆ, ಮನೆಯ ಪಾಲು ಕಾಲು ಭಾಗವೂ ಇಲ್ಲ. ಒಟ್ಟಾರೆ ಶೇ 40 ಮನೆಯದು, ಶೇ 60 ಹೊರಗಿನದು ಅಂದುಕೊಂಡರೆ ಸರಾಸರಿ 4.90 ರೂಪಾಯಿ. ಇಂಧನದಲ್ಲಿ ಉಳಿಯುವುದು 3.30. ಆಯಿಲ್, ಫಿಲ್ಟರ್, ಡಿಇಎಫ್ (ಡೀಸೆಲ್ ಹೊಗೆ ಶುದ್ಧ ಮಾಡಲು ಹಾಕುವ ದ್ರವ) ಇಲ್ಲದ್ದರಿಂದ ಸರ್ವಿಸಿನಲ್ಲಿ ಇನ್ನೊಂದು 70 ಪೈಸೆ. ಒಟ್ಟು ಉಳಿತಾಯ ಕಿಲೋಮೀಟರಿಗೆ 4 ರೂಪಾಯಿ.

ಹೋಮ್‌ಸ್ಟೇಯಲ್ಲಿ 16 ಆಂಪ್ ಪ್ಲಗ್ ಸಿಕ್ಕರೆ ಈ ಲೆಕ್ಕ ಸುಧಾರಿಸುತ್ತದೆ. ರಾತ್ರಿ ಒಂಬತ್ತು ಗಂಟೆ ಹಾಕಿಟ್ಟರೆ 30 ಯೂನಿಟ್‌ನಷ್ಟು, ಅಂದರೆ 90 ಕಿ.ಮೀ.ಗೆ ಸಾಕಾಗುವಷ್ಟು ಬರುತ್ತದೆ. ಹೇಗೂ ಗಾಡಿ ರಾತ್ರಿಯೆಲ್ಲ ನಿಂತೇ ಇರುತ್ತದೆ. ಮಾಲೀಕರನ್ನು ಕೇಳಿ, ದುಡ್ಡು ಕೊಟ್ಟು ಹಾಕಿ. ಸುಮ್ನೆ ಪ್ಲಗ್ ಕಂಡಲ್ಲಿ ಚುಚ್ಚಬೇಡಿ.

ಗೃಹಜ್ಯೋತಿ ಇದ್ದರೆ?

ಇದು ಯಾವ ಪಠ್ಯಪುಸ್ತಕದಲ್ಲೂ ಸಿಗದ ಲೆಕ್ಕ, ಆದರೆ ನಮ್ಮ ಊರಿನ ಲೆಕ್ಕ. ತಿಂಗಳಿಗೆ 150 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಮನೆ ಅಂದುಕೊಳ್ಳಿ. ವ್ಯಾನನ್ನು ಅದೇ ಮೀಟರಿನಲ್ಲಿ ಒಂದೇ ಒಂದು ಸಲ ಫುಲ್ ಚಾರ್ಜ್ ಮಾಡಿದರೆ 74 ಯೂನಿಟ್ ಸೇರಿ 224 ಆಗುತ್ತದೆ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 6.70ರಂತೆ 1,500 ರೂಪಾಯಿ, ನಿಗದಿತ ಶುಲ್ಕ ಬೇರೆ. ಆ 1,500 ಬಂದದ್ದು ವ್ಯಾನಿನಿಂದ. 74 ಯೂನಿಟ್‌ಗೆ ಭಾಗಿಸಿ. ಯೂನಿಟ್‌ಗೆ 20 ರೂಪಾಯಿ! ಮನೆಯ ಅಗ್ಗದ ಕರೆಂಟು ಫಾಸ್ಟ್ ಚಾರ್ಜರ್ ರೇಟಿಗೆ ಬಂದು ಕೂತಿತು. ಇದಕ್ಕೆ ಮಾರ್ಜಿನಲ್ ಕಾಸ್ಟ್ ಅನ್ನುತ್ತೇವೆ. ಒಂದು ನಿರ್ಧಾರದಿಂದ ಹೆಚ್ಚುವರಿಯಾಗಿ ಎಷ್ಟು ಹೋಯಿತು ಅನ್ನುವುದೇ ಮುಖ್ಯ, ಬಿಲ್ಲಿನ ಮೇಲೆ ಬರೆದಿರುವ ಯೂನಿಟ್ ದರ ಅಲ್ಲ. ವ್ಯಾನಿಗೆ ಪ್ರತ್ಯೇಕ ಮೀಟರ್ ಹಾಕಿಸಿದರೆ ಈ ತಾಪತ್ರಯ ಇಲ್ಲ, ಆದರೆ ಅದರ ನಿಗದಿತ ಶುಲ್ಕ ಗಾಡಿ ಓಡಲಿ ಬಿಡಲಿ ತಿಂಗಳು ತಿಂಗಳು ಬರುತ್ತದೆ.

ಇನ್ನು ಅಪಾರ್ಟ್‌ಮೆಂಟಿನವರಿಗೆ ಬೇರೆಯೇ ತೊಡಕು. ಎತ್ತರದ ವ್ಯಾನ್ ಬೇಸ್‌ಮೆಂಟಿಗೆ ಇಳಿಯುವುದಿಲ್ಲ. ಹೊರಗೆ ಎಲ್ಲೋ ಖಾಲಿ ಸೈಟಿನಲ್ಲಿ ತಿಂಗಳ ಬಾಡಿಗೆಗೆ ನಿಲ್ಲಿಸಬೇಕು. ಡೀಸೆಲ್ ಗಾಡಿಗೆ ಅಷ್ಟು ಸಾಕು. ಎಲೆಕ್ಟ್ರಿಕ್ ಗಾಡಿಗೆ ಅಲ್ಲಿ ಪ್ಲಗ್ ಇಲ್ಲದಿದ್ದರೆ 'ಮನೆ ಚಾರ್ಜ್ ಶೇ 40' ಅನ್ನುವುದೂ ಸೊನ್ನೆ. ಆಗ ಉಳಿತಾಯ ಕಿಲೋಮೀಟರಿಗೆ 2.30ಕ್ಕೆ ಇಳಿಯುತ್ತದೆ.

ಬ್ರೇಕ್-ಈವನ್, ಮತ್ತು ಅದರೊಳಗಿನ ಮೋಸ

10 ಲಕ್ಷವನ್ನು 4ರಿಂದ ಭಾಗಿಸಿ. 2.5 ಲಕ್ಷ ಕಿಲೋಮೀಟರ್ ಓಡಿದರೆ ಹೆಚ್ಚುವರಿ ಬೆಲೆ ವಾಪಸ್. ವರ್ಷಕ್ಕೆ 10,000 ಕಿ.ಮೀ. ಓಡಿಸುವ ಕುಟುಂಬಕ್ಕೆ 25 ವರ್ಷ. ವರ್ಷಕ್ಕೆ 40,000 ಓಡಿಸುವ ಬಾಡಿಗೆ ವ್ಯವಹಾರದವರಿಗೆ ಆರು ವರ್ಷದ ಮೇಲೆ ಸ್ವಲ್ಪ.

ಆದರೆ ಈ 25 ವರ್ಷ ಅನ್ನುವುದೂ ಉದಾರವಾದ ಉತ್ತರ. ಆ 10 ಲಕ್ಷಕ್ಕೆ ಬಡ್ಡಿ ಇಲ್ಲವೇ? ಶೇ 9ರಂತೆ ಮೊದಲ ವರ್ಷದ ಬಡ್ಡಿಯೇ 90,000. ಆ ವರ್ಷ ಉಳಿಸಿದ್ದು 40,000. ಅಂದರೆ ಸಾಲ ಕರಗುವುದಿರಲಿ, ಬಡ್ಡಿಯೂ ಹುಟ್ಟುವುದಿಲ್ಲ. ಬಡ್ಡಿ ಮಾತ್ರ ಹುಟ್ಟಬೇಕಾದರೂ ವರ್ಷಕ್ಕೆ 22,500 ಕಿ.ಮೀ. ಓಡಬೇಕು. ಪರೀಕ್ಷೆಯಲ್ಲಿ ಸರಳ ಪೇಬ್ಯಾಕ್, ಅಂದರೆ ಬಡ್ಡಿ ಬಿಟ್ಟ ಈ 25 ವರ್ಷದ ಲೆಕ್ಕ, ಬರೆದು ನಿಲ್ಲಿಸಿದರೆ ಅರ್ಧ ಮಾರ್ಕ್ಸ್ ಅಷ್ಟೇ, ನೆನಪಿರಲಿ.

ಪ್ರಶ್ನೆಯನ್ನು ತಿರುಗಿಸಿ ಕೇಳುವುದು ಇನ್ನೂ ಒಳ್ಳೆಯದು: ಎಷ್ಟು ಅಂತರ ಇದ್ದರೆ ಇವಿ ತೆಗೆದುಕೊಳ್ಳಬಹುದು? ವರ್ಷಕ್ಕೆ 40,000 ಉಳಿತಾಯ, ಹತ್ತು ವರ್ಷ, ಶೇ 9. ವರ್ಷ ವರ್ಷ ಬರುವ ಒಂದು ರೂಪಾಯಿಗೆ ಇವತ್ತಿನ ಬೆಲೆ ಎಷ್ಟು ಅಂತ ಹೇಳುವ ಆನ್ಯುಯಿಟಿ ಟೇಬಲ್‌ನಲ್ಲಿ 6.418 ಸಿಗುತ್ತದೆ. ಗುಣಿಸಿದರೆ 2.57 ಲಕ್ಷ. ನನ್ನ ಲೆಕ್ಕದಲ್ಲಿ ಕುಟುಂಬದ ಕ್ಯಾಂಪರಿಗೆ ಇಷ್ಟಕ್ಕಿಂತ ಹೆಚ್ಚು ಕೊಡುವುದು ಇಷ್ಟದ ವಿಷಯ, ಉಳಿತಾಯದ ವಿಷಯ ಅಲ್ಲ.

ನಿಂತಾಗ ಆಗುವ ಖರ್ಚು

ವ್ಯಾನ್ ಓಡುವಾಗಿನ ಲೆಕ್ಕ ಎಲ್ಲರೂ ಹಾಕುತ್ತಾರೆ. ಕ್ಯಾಂಪರಿನಲ್ಲಿ ಜಾಸ್ತಿ ಹೊತ್ತು ಗಾಡಿ ನಿಂತೇ ಇರುತ್ತದೆ. ಎಲೆಕ್ಟ್ರಿಕ್ ವ್ಯಾನಿನ ನಿಜವಾದ ಬಲ ಇರುವುದು ಇಲ್ಲಿ.

ಹಂಪಿಯಲ್ಲಿ ಏಪ್ರಿಲ್ ರಾತ್ರಿ. ಚಿಕ್ಕ ಎಸಿ ಎಂಟು ಗಂಟೆಗೆ 4ರಿಂದ 5 ಯೂನಿಟ್ ಕೇಳುತ್ತದೆ. ಡೀಸೆಲ್ ಕ್ಯಾಂಪರಿನಲ್ಲಿ ಇದಕ್ಕೆ ಪ್ರತ್ಯೇಕ ಬ್ಯಾಟರಿ ಬೇಕು. 12.8 ವೋಲ್ಟಿನ 200 ಎಎಚ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದೇ 2.56 ಯೂನಿಟ್. ಎಸಿ ಮಧ್ಯರಾತ್ರಿಗೆ ಕೈಕೊಡುತ್ತದೆ. ಎರಡು ಬ್ಯಾಟರಿ, ಇನ್ವರ್ಟರ್, ಚಾರ್ಜರ್, ಮೇಲೆ ಸೋಲಾರ್ ಅಂತ ಖರ್ಚು ಬೆಳೆಯುತ್ತದೆ. ಎಂಜಿನ್ ಆನ್ ಇಟ್ಟು ಮಲಗುವುದು ಬೇಡವೇ ಬೇಡ. ಗಂಟೆಗೆ ಲೀಟರಿನಂತೆ ಡೀಸೆಲ್ ಸುಟ್ಟರೆ ರಾತ್ರಿಗೆ 720 ರೂಪಾಯಿ ಅನ್ನುವುದು ಆಮೇಲಿನ ಮಾತು. ನಿಂತ ಗಾಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಸೇರಿದರೆ ಜೀವಕ್ಕೇ ಅಪಾಯ.

ಎಲೆಕ್ಟ್ರಿಕ್ ವ್ಯಾನಿನಲ್ಲಿ ಅದೇ 5 ಯೂನಿಟ್ ದೊಡ್ಡ ಬ್ಯಾಟರಿಯ ಶೇ 8ರಷ್ಟು. ಸುಮಾರು 18 ಕಿ.ಮೀ. ಓಟ ಕಡಿಮೆಯಾಯಿತು, ಅಷ್ಟೇ. ಇಂಡಕ್ಷನ್ ಒಲೆಯಲ್ಲಿ ಅನ್ನ ಸಾರು ಮಾಡಿದರೂ ಒಂದೆರಡು ಯೂನಿಟ್. ಆದರೆ ಗಾಡಿಯಿಂದ ಹೊರಗೆ ಕರೆಂಟ್ ಕೊಡುವ ವಿ2ಎಲ್ ಸೌಲಭ್ಯ ಇರಬೇಕು, ಅದು ಎಲ್ಲ ಮಾದರಿಯಲ್ಲಿ ಇರುವುದಿಲ್ಲ. ಇದ್ದರೆ ಪ್ರತ್ಯೇಕ ಬ್ಯಾಟರಿ, ಇನ್ವರ್ಟರ್ ಖರ್ಚನ್ನು 10 ಲಕ್ಷದ ಅಂತರದಿಂದ ಕಳೆಯಿರಿ. ಎಸಿ ಬೇಡ, ಕೊಡಗು ಚಿಕ್ಕಮಗಳೂರು ಸಾಕು ಅನ್ನುವವರಿಗೆ ಈ ಲಾಭವೂ ಹೆಚ್ಚೇನಿಲ್ಲ.

ಬ್ಯಾಟರಿ ಹಳತಾಗುವುದು, ಇನ್ಶೂರೆನ್ಸ್

ಇವಿ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು, ಅನ್ನುವ ವಾರಂಟಿ ಸಾಮಾನ್ಯ. ನಮ್ಮ ಕುಟುಂಬ 8 ವರ್ಷದಲ್ಲಿ ಓಡಿಸುವುದು 80,000. ಅರ್ಧ ವಾರಂಟಿ ಬಳಸದೆಯೇ ಮುಗಿಯುತ್ತದೆ. ಓಡಿಸದಿದ್ದರೂ ಲಿಥಿಯಂ ಬ್ಯಾಟರಿ ವಯಸ್ಸಿನಿಂದ ಸೊರಗುತ್ತದೆ, ಫುಲ್ ಚಾರ್ಜ್ ಮಾಡಿ ಬಿಸಿಲಲ್ಲಿ ನಿಲ್ಲಿಸಿದರೆ ಇನ್ನೂ ಬೇಗ. ತಿಂಗಳುಗಟ್ಟಲೆ ನಿಲ್ಲಿಸುವಾಗ ಅರ್ಧದಷ್ಟು ಚಾರ್ಜ್ ಇಟ್ಟರೆ ಒಳ್ಳೆಯದು. ಹಾಗಂತ ಡೀಸೆಲ್ ಗಾಡಿ ನಿಂತರೆ ಸುಖವಾಗಿರುತ್ತದೆ ಅಂತಲ್ಲ. ಬಿಎಸ್6 ಎಂಜಿನ್ನಿನ ಹೊಗೆ ಫಿಲ್ಟರ್ ಸುಟ್ಟು ಸ್ವಚ್ಛ ಆಗಲು ಆಗಾಗ ಹೈವೇ ಓಟ ಬೇಕು.

ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಇವಿಗೆ 2022ರಿಂದ ಶೇ 15 ರಿಯಾಯಿತಿ ಇದೆ. ಗಾಡಿಯ ಹಾನಿಗೆ ಕಟ್ಟುವ ಭಾಗ ಮಾತ್ರ ಗಾಡಿ ಬೆಲೆಯ ಮೇಲೆ ಹೋಗುವುದರಿಂದ, 38 ಲಕ್ಷದ ವ್ಯಾನಿಗೆ ಒಟ್ಟು ಪ್ರೀಮಿಯಂ ಜಾಸ್ತಿಯೇ.

ಮೂರನೆಯ ಕಾಲಂ

ಎರಡು ಕಾಲಂ ಹಾಕಿ ಹೋಲಿಸಿದ ಮೇಲೆ ಮೂರನೆಯದನ್ನೂ ಹಾಕಿ: ಕೊಳ್ಳದೇ ಬಾಡಿಗೆಗೆ ತೆಗೆದುಕೊಂಡರೆ? ಗೆದ್ದ ಡೀಸೆಲ್ ವ್ಯಾನನ್ನೇ ತೆಗೆದುಕೊಳ್ಳಿ. 28 ಲಕ್ಷದ ಗಾಡಿ ಹತ್ತು ವರ್ಷದ ಮೇಲೆ 8 ಲಕ್ಷಕ್ಕೆ ಹೋಯಿತು ಅಂದರೆ ಸವಕಳಿ ವರ್ಷಕ್ಕೆ 2 ಲಕ್ಷ. ಸರಾಸರಿ 18 ಲಕ್ಷ ಅದರಲ್ಲಿ ಸಿಕ್ಕಿಕೊಂಡಿರುತ್ತದೆ, ಶೇ 9 ಬಡ್ಡಿ 1.62 ಲಕ್ಷ. ಇನ್ಶೂರೆನ್ಸ್ 40,000, ಪಾರ್ಕಿಂಗ್ 36,000, ಸರ್ವಿಸ್ 12,000. ಡೀಸೆಲ್ ಬಿಟ್ಟು 4.5 ಲಕ್ಷ. ಬಾಡಿಗೆ ದಿನಕ್ಕೆ 8,000 ಅಂದುಕೊಂಡರೆ ಇದೇ ದುಡ್ಡಿಗೆ 56 ದಿನ ಸಿಗುತ್ತದೆ. ಡೀಸೆಲ್ ಎರಡರಲ್ಲೂ ನಮ್ಮದೇ. ವಾರ ಬಿಟ್ಟು ವಾರ ಶನಿವಾರ ಭಾನುವಾರ ಹೊರಟರೂ ವರ್ಷಕ್ಕೆ 52 ದಿನ. ಈಗ ಇದೇ ಕಾಲಂ ಅನ್ನು 38 ಲಕ್ಷದ ಎಲೆಕ್ಟ್ರಿಕ್ ವ್ಯಾನಿಗೆ ನೀವೇ ಹಾಕಿ ನೋಡಿ. ಹತ್ತು ವರ್ಷದ ಮೇಲಿನ ಮರುಮಾರಾಟ ಬೆಲೆಯನ್ನು ಒಮ್ಮೆ 5 ಲಕ್ಷ, ಒಮ್ಮೆ 12 ಲಕ್ಷ ಇಟ್ಟು ಎರಡು ಸಲ ಮಾಡಿ.