ಪ್ಲಾಸ್ ಮೌರ್ ಗೋಡೆಗಳಿಗೆ ಬಣ್ಣ ಬಂದ ಕಥೆ

ಉತ್ತರ ವೇಲ್ಸ್‌ನ ಕಾನ್ವಿ ಪಟ್ಟಣದ ಪ್ಲಾಸ್ ಮೌರ್ ನೋಡಲು ಹೋದವರಲ್ಲಿ ಕೆಲವರಿಗೆ ಒಳಗೆ ಕಾಲಿಟ್ಟ ಕೂಡಲೇ ಕಸಿವಿಸಿ. ಒಂದನೇ ಎಲಿಜಬೆತ್ ರಾಣಿಯ ಕಾಲದ ಮನೆ ಅಂದರೆ ಮಾಸಿದ ಕಲ್ಲು, ಕಪ್ಪು ಮರ ಇರಬೇಕಲ್ವಾ? ಇಲ್ಲಿ ಹೊರಗೋಡೆ ಬೆಳ್ಳಗಿದೆ. ಒಳಗೆ ಗಾರೆಯ ಉಬ್ಬು ಚಿತ್ತಾರಕ್ಕೆ ಗಾಢ ಬಣ್ಣ ಬಳಿದಿದೆ.

ಕಾನ್ವಿಗೆ ಕೋಟೆ ಕಟ್ಟಿಸಿದವನು ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್. 1283ರಲ್ಲಿ ಕೆಲಸ ಶುರುವಾಯಿತು. ಗೋಡೆಯೊಳಗಿನ ಊರು ಇಂಗ್ಲಿಷ್ ವಲಸಿಗರಿಗೆ ಮೀಸಲು, ವೇಲ್ಸ್‌ನವರು ಅಲ್ಲಿ ನೆಲೆಸುವಂತಿರಲಿಲ್ಲ. 1536 ಮತ್ತು 1543ರ ಕಾನೂನುಗಳು ಅವರಿಗೂ ಸಮಾನ ಹಕ್ಕು ಕೊಟ್ಟವು. ಆಮೇಲೆ ವೇಲ್ಸ್‌ನವನೇ ಆದ ಗ್ವಿಡಿರ್ ಮನೆತನದ ರಾಬರ್ಟ್ ವಿನ್ ಇದೇ ಊರಿನ ನಡುವೆ, 1576ರಿಂದ 1585ರವರೆಗೆ, ಹಂತಹಂತವಾಗಿ ಈ ಮನೆ ಕಟ್ಟಿಸಿದ. ರಾಯಭಾರಿಯೊಬ್ಬರ ಪರಿವಾರದಲ್ಲಿ ಯುರೋಪ್ ಸುತ್ತಿ ಬಂದವನು. ಮೆಟ್ಟಿಲು ಮೆಟ್ಟಿಲಾಗಿ ಏರುವ ಇಲ್ಲಿನ ಗೋಡೆತುದಿಗಳು ಆ ಕಡೆಯ ಶೈಲಿಯವು. ತನ್ನ ಹೆಸರಿನ ಮೊದಲಕ್ಷರಗಳನ್ನೂ ಮನೆತನದ ಲಾಂಛನಗಳನ್ನೂ ಗಾರೆಯಲ್ಲಿ ಎಲ್ಲೆಲ್ಲೂ ಮೂಡಿಸಿದ. ಮನೆಗೆ ಬಂದವರಿಗೆಲ್ಲ ಅದು ಎದ್ದು ಕಾಣಲೇಬೇಕಿತ್ತು.

1598ರಲ್ಲಿ ವಿನ್ ತೀರಿಕೊಂಡ. ಉಯಿಲಿನ ಜಗಳ ದಶಕಗಟ್ಟಲೆ ನಡೆಯಿತು. ಆಸ್ತಿ ಮಾಸ್ಟಿನ್ ಕುಟುಂಬಕ್ಕೆ ಹೋಯಿತು, ಕೋಣೆಗಳು ಬಾಡಿಗೆಗೆ ಹೋದವು, ಒಂದಷ್ಟು ಕಾಲ ಶಾಲೆಯೂ ನಡೆಯಿತು.

1880ರ ದಶಕದಲ್ಲಿ ರಾಯಲ್ ಕೇಂಬ್ರಿಯನ್ ಅಕಾಡೆಮಿಯ ಚಿತ್ರಕಲಾವಿದರು ಬಂದರು. 1993ರವರೆಗೆ ಇದು ಅವರ ನೆಲೆ. ಆ ವರ್ಷ ಸರ್ಕಾರದ ಪರಂಪರೆ ಸಂಸ್ಥೆ ಕ್ಯಾಡೂ ಮನೆಯನ್ನು ವಹಿಸಿಕೊಂಡಿತು. ದೊಡ್ಡ ದುರಸ್ತಿ ಮುಗಿಸಿ 1997ರಲ್ಲಿ ಜನರಿಗೆ ತೆರೆಯಿತು.

ಗೊಂದಲವೆಲ್ಲ ಈ ದುರಸ್ತಿಯದ್ದೇ. ಬರಿಗಲ್ಲಿನ ಗೋಡೆಯೇ ಅಸಲಿ ಎಂಬ ನಂಬಿಕೆ ಈಚಿನದು. ಕಟ್ಟಿದ ಕಾಲದಲ್ಲಿ ಹೊರಗೋಡೆಗೆ ಸುಣ್ಣದ ಗಾರೆಯ ಹೊದಿಕೆ ಇತ್ತು. ಅದು ಸುಮ್ನೆ ಅಲಂಕಾರಕ್ಕಲ್ಲ. ಸುಣ್ಣದ ಗಾರೆ ಹೀರಿದ ನೀರನ್ನು ಮತ್ತೆ ಗಾಳಿಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ತೇವ ಗೋಡೆಯೊಳಗೇ ಉಳಿದು ಮರವನ್ನು ಕೊಳೆಸುತ್ತದೆ. ಆದ್ದರಿಂದ ಬಿಳಿ ಹೊದಿಕೆ ಸರಿಯಾದ ಕೆಲಸವೇ.

ಒಳಗಿನ ಬಣ್ಣದ ಮಾತು ಬೇರೆ. ಎಲ್ಲ ಕಡೆ ಬಳಿದಿಲ್ಲ, ಕೆಲವು ಕೋಣೆಗಳ ಗಾರೆಯನ್ನು ಬಿಳಿಯಾಗಿಯೇ ಬಿಟ್ಟಿದ್ದಾರೆ. ಪೀಠೋಪಕರಣಕ್ಕೆ 1665ರ ಸಾಮಾನುಪಟ್ಟಿಯೇ ಆಧಾರ. ಹಾಗಾಗಿ ಚಿತ್ತಾರ ವಿನ್‌ ಕಾಲದ್ದು, ಮೇಜು ಕುರ್ಚಿ ಅವನ ನಂತರದ ತಲೆಮಾರಿನವು. ಇದೂ ಒಪ್ಪುವಂಥದ್ದೇ. ಆದರೆ ನೂರು ವರ್ಷ ಜಾಸ್ತಿ ಇಲ್ಲೇ ಇದ್ದು, ಮನೆಯನ್ನು ಬಳಕೆಯಲ್ಲಿಟ್ಟ ಕಲಾವಿದರ ಕಾಲಕ್ಕೂ ಒಂದು ಕೋಣೆ ಸಿಗಬೇಕಿತ್ತು.