ಗೋಡೆ ದಾರಿಯನ್ನೇ ನುಂಗಿದಾಗ

ತೋಳಿಗೆ ಪಟ್ಟಿ ಸುತ್ತಿ ನೋಡಿದಾಗ ಬಿಪಿ 120/80 ಬಂದರೆ ಶ್ವಾಸಕೋಶದ ಒತ್ತಡವೂ ಸರಿಯಿದೆ ಎಂದು ನಂಬುವವರಿದ್ದಾರೆ. ಆ ಪಟ್ಟಿ ಅಳೆಯುವುದು ಎಡಹೃದಯ ತಳ್ಳುವ ರಕ್ತದ ಒತ್ತಡವನ್ನು ಮಾತ್ರ. ಬಲಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯ ಲೆಕ್ಕವೇ ಬೇರೆ: ವಿಶ್ರಾಂತಿಯಲ್ಲಿ ಸರಾಸರಿ ಸುಮಾರು 14 ಮಿ.ಮೀ. ಪಾದರಸ. ಅದು 20 ದಾಟಿದರೆ ಪಲ್ಮನರಿ ಹೈಪರ್‌ಟೆನ್ಶನ್. ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡಿನಲ್ಲಿ, ಅಂದಾಜು ಸಿಗುತ್ತದೆ; ಖಚಿತಪಡಿಸಲು ಬಲಹೃದಯದೊಳಕ್ಕೆ ಕ್ಯಾಥೆಟರ್ ಎಂಬ ಸಪೂರ ನಳಿಕೆ ಇಳಿಸಲೇಬೇಕು.

ಎಡಹೃದಯದ ದೋಷ, ಶ್ವಾಸಕೋಶದ ಕಾಯಿಲೆ, ಕರಗದೆ ಉಳಿದ ಹೆಪ್ಪು, ಹೀಗೆ ಕಾರಣಗಳು ಹಲವು. ಇಲ್ಲಿ ಹೇಳಹೊರಟಿರುವುದು ಸಣ್ಣ ಅಪಧಮನಿಗಳೇ ಕೆಡುವ ಬಗೆಯನ್ನು. ಕೊಳಾಯಿಯಲ್ಲಿ ಕಸ ಕಟ್ಟಿದಂತೆ ಕೊಬ್ಬು ಕಟ್ಟಿಕೊಂಡು ಆಗುವ ತೊಂದರೆ ಇದಲ್ಲ. ಕೊಳಾಯಿಯ ಗೋಡೆಯೇ ಒಳಮುಖವಾಗಿ ಬೆಳೆಯುತ್ತದೆ.

ನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ತೆಳುವಾದ ಹಾಸು, ಎಂಡೋಥೀಲಿಯಂ. ಇದನ್ನು ಬರೀ ಅಸ್ತರಿ ಎಂದು ಬಹುಕಾಲ ಕಡೆಗಣಿಸಲಾಗಿತ್ತು. ಅಮೆರಿಕದ ಔಷಧವಿಜ್ಞಾನಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ಚೂರುಗಳಿಗೆ ನರಗಳ ಸಂದೇಶವಾಹಕ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಹಾಕಿ ನೋಡುತ್ತಿದ್ದರು. ಒಳಮೈ ಉಜ್ಜಿಹೋದ ಚೂರು ಸಡಿಲವಾಗಲಿಲ್ಲ, ಉಜ್ಜದೆ ಉಳಿದದ್ದು ಸಡಿಲವಾಯಿತು. ಅಂದರೆ ಸ್ನಾಯುವಿಗೆ ‘ಬಿಡು’ ಎಂದು ಹೇಳುತ್ತಿದ್ದುದು ಆ ಅಸ್ತರಿಯೇ! 1980ರಲ್ಲಿ ಪ್ರಕಟವಾದ ಈ ಸುಳಿವಿನ ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ನೈಟ್ರಿಕ್ ಆಕ್ಸೈಡ್ ಅನಿಲ. 1998ರ ವೈದ್ಯಕೀಯ ನೊಬೆಲ್ ಅದಕ್ಕೇ ಸಂದಿತು.

ಕಾಯಿಲೆಯಲ್ಲಿ ನೈಟ್ರಿಕ್ ಆಕ್ಸೈಡ್ ಮತ್ತು ಅದರಂತೆಯೇ ನಾಳವನ್ನು ಸಡಿಲಿಸುವ ಪ್ರೋಸ್ಟಾಸೈಕ್ಲಿನ್ ತಗ್ಗುತ್ತವೆ. ನಾಳವನ್ನು ಬಿಗಿಯುವ ಎಂಡೋಥೀಲಿನ್ ಹೆಚ್ಚುತ್ತದೆ. ಇಷ್ಟೇ ಆಗಿದ್ದರೆ ಸಡಿಲಿಸುವ ಮಾತ್ರೆ ಕೊಟ್ಟು ಸುಮ್ಮನಿರಬಹುದಿತ್ತು. ಆದರೆ ಜೀವಕೋಶಗಳು ತಮ್ಮ ಕಸುಬನ್ನೇ ಬದಲಿಸಿಕೊಳ್ಳುತ್ತವೆ.

ಮೊದಲು ಒಂದಷ್ಟು ಎಂಡೋಥೀಲಿಯಲ್ ಕೋಶಗಳು ಏಟು ತಿಂದು ಸಾಯುತ್ತವೆ. ಸಾಯದೆ ಉಳಿದವು ಮೊಂಡುಜಾತಿ. ಹೊಲಕ್ಕೆ ಮತ್ತೆ ಮತ್ತೆ ಕಳೆನಾಶಕ ಹೊಡೆದಾಗ ಬಗ್ಗದ ಕಳೆಯೇ ಹೊಲ ತುಂಬುವಂತೆ, ಈ ಕೋಶಗಳ ಸಂತತಿ ಜಾಗವನ್ನೆಲ್ಲ ಆಕ್ರಮಿಸುತ್ತದೆ. ಕ್ಯಾನ್ಸರ್ ಕೋಶಗಳ ಹಾಗೆ ಆಮ್ಲಜನಕವಿದ್ದರೂ ಗ್ಲೂಕೋಸನ್ನು ಅರೆಬರೆ ಒಡೆದು ಬದುಕುತ್ತದೆ. ಕೆಲವೆಡೆ ಇವು ಗಂಟುಗಟ್ಟಿ, ಒಂದು ನಾಳವಿದ್ದ ಕಡೆ ಸೀಳುಸೀಳಾದ ಹತ್ತಾರು ಸಂದಿಗಳುಳ್ಳ ಜೊಂಪೆಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡವರು ಪ್ಲೆಕ್ಸಿಫಾರ್ಮ್ ಗಾಯ ಎನ್ನುತ್ತಾರೆ. ಇನ್ನು ಕೆಲವು ಕೋಶಗಳು ಅಕ್ಕಪಕ್ಕದವುಗಳ ಜೊತೆಗಿನ ಕೊಂಡಿ ಕಳಚಿ, ಸ್ನಾಯುವಿನ ಪ್ರೋಟೀನಾದ ಆಕ್ಟಿನ್ ತಯಾರಿಸುತ್ತ ವೇಷವನ್ನೇ ಬದಲಿಸುತ್ತವೆ.

ಹಾಸಿನ ಹೊರಗಿರುವ ನಯಸ್ನಾಯು ಕೋಶವೂ ಸುಮ್ಮನಿರುವುದಿಲ್ಲ. ಹಿಗ್ಗಿ ಕುಗ್ಗುವ ಕೆಲಸ ಬಿಟ್ಟು ಇಬ್ಭಾಗವಾಗುವುದಕ್ಕೆ, ಕೊಲಾಜೆನ್ ಎಂಬ ನಾರಿನ ಪ್ರೋಟೀನ್ ಸುರಿಯುವುದಕ್ಕೆ ತೊಡಗುತ್ತದೆ. ಲೋಮನಾಳಗಳ ಹತ್ತಿರದ, ಮೊದಲು ಸ್ನಾಯುವೇ ಇಲ್ಲದ ಕಿರುನಾಳಗಳಿಗೂ ಸ್ನಾಯುವಿನ ಪದರ ಹಬ್ಬುತ್ತದೆ. ಕೋಣೆಯ ಒಳಗೋಡೆಗೆ ಗಾರೆಯ ಮೇಲೆ ಗಾರೆ ಮೆತ್ತುತ್ತ ಹೋದಂತೆ ಜಾಗ ಕಿರಿದಾಗುತ್ತದೆ. ಇಲ್ಲಿ ಗಣಿತ ನಿರ್ದಯಿ: ಪ್ರತಿರೋಧ ಏರುವುದು ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮವಾಗಿ. ತ್ರಿಜ್ಯ ಐದರಲ್ಲಿ ಒಂದು ಪಾಲು ತಗ್ಗಿದರೆ ಸುಮಾರು ಎರಡೂವರೆ ಪಟ್ಟು, ಅರ್ಧಕ್ಕಿಳಿದರೆ 16 ಪಟ್ಟು. ಇಷ್ಟನ್ನೂ ಎದುರಿಸಬೇಕಾದ ಬಲ ಹೃತ್ಕುಕ್ಷಿಯ ಗೋಡೆ ಮೂರ್ನಾಲ್ಕು ಮಿ.ಮೀ. ದಪ್ಪ. ಮೊದಮೊದಲು ಅದು ದಪ್ಪವಾಗಿ ಹೆಣಗುತ್ತದೆ, ಆಮೇಲೆ ಉಬ್ಬಿ ಸೋಲುತ್ತದೆ. ಮೆಟ್ಟಿಲು ಹತ್ತುವಾಗಿನ ಏದುಸಿರು, ಕಾಲಿನ ಬಾವು ಆಗಿನವು.

ಕೋಶಗಳಿಗೆ ಬ್ರೇಕ್ ಇಲ್ಲವೇ? ಇದೆ. ಕೋಶದ ಮೇಲ್ಮೈಯಲ್ಲಿ ಸಂದೇಶ ಹಿಡಿಯುವ ಬಿಎಂಪಿಆರ್2 ಎಂಬ ಗ್ರಾಹಕ (ರಿಸೆಪ್ಟರ್) ‘ಸಾಕು, ಬೆಳೆಯಬೇಡ’ ಎಂಬ ಸಂದೇಶವನ್ನು ಕೋಶದೊಳಗೆ ದಾಟಿಸುತ್ತದೆ. ಮನೆತನದಲ್ಲಿ ಹರಿದುಬರುವ ಕಾಯಿಲೆಗೆ ಇದರ ಜೀನ್ ದೋಷವೇ ಮುಖ್ಯ ಕಾರಣವೆಂದು 2000ರಲ್ಲಿ ತಿಳಿಯಿತು. ದೋಷವಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಬರುವವರಲ್ಲಿ ಹೆಂಗಸರೇ ಹೆಚ್ಚು. ಬ್ರೇಕ್ ಸಡಿಲವಾದಾಗ ‘ಬೆಳೆ’ ಎಂದು ಹುರಿದುಂಬಿಸುವ ಎದುರಾಳಿ ಪ್ರೋಟೀನ್ ಆಕ್ಟಿವಿನ್‌ನ ಕೈ ಮೇಲಾಗುತ್ತದೆ.

ಸಿಲ್ಡೆನಾಫಿಲ್, ಬೋಸೆಂಟಾನ್, ರಕ್ತದಲ್ಲಿ ಕೆಲವೇ ನಿಮಿಷ ಉಳಿಯುವುದರಿಂದ ಪಂಪಿನಿಂದ ಸತತವಾಗಿ ಹರಿಸಬೇಕಾದ ಎಪೋಪ್ರೊಸ್ಟೆನಾಲ್, ಇವೆಲ್ಲ ಮುಖ್ಯವಾಗಿ ಬಿಗಿತ ಸಡಿಲಿಸುವ ಔಷಧಗಳು. 2024ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೊಟಾಟರ್ಸೆಪ್ಟ್ ಕೈಹಾಕುವುದು ಬೆಳವಣಿಗೆಗೇ. ಅದು ರಕ್ತದಲ್ಲಿ ತೇಲುವ ಹುಸಿ ಗ್ರಾಹಕ. ಆಕ್ಟಿವಿನ್ ಕೋಶವನ್ನು ತಲುಪುವ ಮೊದಲೇ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂರು ವಾರಕ್ಕೊಮ್ಮೆ ಚರ್ಮದಡಿ ಚುಚ್ಚುಮದ್ದು. ಇಂಥದೇ ಸಂದೇಶಗಳು ಕೆಂಪು ರಕ್ತಕಣಗಳ ತಯಾರಿಯನ್ನೂ ಹಿಡಿತದಲ್ಲಿಡುವುದರಿಂದ ಹಿಮೋಗ್ಲೋಬಿನ್ ಮೇಲೇರಬಹುದು, ಪ್ಲೇಟ್‌ಲೆಟ್ ತಗ್ಗಬಹುದು. ಶುರುವಿನ ಡೋಸುಗಳಿಗೆ ಮುನ್ನ ಪ್ರತಿ ಬಾರಿಯೂ ರಕ್ತ ಪರೀಕ್ಷಿಸಿ ನೋಡುತ್ತಾರೆ.